ಶಾಮಾಚಾರ್ಯರ ಹುಳಿಯಲ್ಲಿ ಅರ್ಧ ಮೆಣಸಿನಕಾಯಿ

ಮೊದಲಿಗೇ ನನ್ನ ಮೂರ್ಖತನ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೇರೆಯವರ ಮೂರ್ಖತನ ಹೇಳಲು ನಾಲಿಗೆ ಸಲೀಸಾಗಿ ಹೊರಳುತ್ತದೆ. ಪುಣೆಯ ಕನ್ನಡ ಮನೆಗಳಲ್ಲಿ ಮೂವತ್ತು ವರ್ಷ ಶ್ರಾದ್ಧದ ಅಡಿಗೆ ಮಾಡಿದ ಶಾಮಾಚಾರ್ಯರ ಅನ್ನ ಕಳೆದವನು ನಾನು. ಅದಕ್ಕೆ ವಿಷ ಹಾಕಬೇಕಾಗಲಿಲ್ಲ, ಚಾಡಿ ಹೇಳಬೇಕಾಗಲಿಲ್ಲ. ಒಂದು ಹಸಿಮೆಣಸಿನಕಾಯಿ ಸಾಕಾಯಿತು. ಸರಿಯಾಗಿ ಹೇಳಬೇಕೆಂದರೆ ಅದರಲ್ಲೂ ಅರ್ಧ.

ಈಗ ನಾನು ಒಲೆಯಿಂದ ಎದ್ದಿದ್ದೇನೆ. ವಯಸ್ಸು ಇನ್ನೂ ನಲವತ್ತಾರು ತುಂಬಿಲ್ಲ, ಆದರೆ ಹಸಿ ಕಟ್ಟಿಗೆಯ ಹೊಗೆ ಕಣ್ಣುಗಳನ್ನು ನನಗಿಂತ ಮುಂಚೆ ನಿವೃತ್ತಿ ಮಾಡಿಸಿತು. ಬಾಯಿಗೆ ಮಾತ್ರ ಇನ್ನೂ ಪೆನ್ಶನ್ ಆಗಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗರು ನನ್ನ ಹತ್ತಿರ ಬಂದು, "ಗುಂಡಾಚಾರ್ರ, ಏನರ ನಾಲ್ಕು ಹಿತದ ಮಾತು ಹೇಳ್ರಿ" ಅನ್ನುತ್ತಾರೆ. ಹಿತದ ಮಾತು ನನ್ನಲ್ಲಿಲ್ಲ. ಆದದ್ದು ಹೇಳುತ್ತೇನೆ.

ಇನ್‌ಫ್ಲುಯೆಂಜಾ ಬಂದು ಮನೆಗೊಬ್ಬರಂತೆ ಹೊತ್ತುಕೊಂಡು ಹೋದ ವರ್ಷ ನಾನು ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದೆ. ಅಷ್ಟು ಜನ ಸತ್ತ ಮೇಲೆ ಶ್ರಾದ್ಧದ ಅಡಿಗೆಯವರಿಗೆ ಕೆಲಸಕ್ಕೇನು ಕೊರತೆ? ಇನ್ನೊಬ್ಬರ ಸಾವು ನಮ್ಮ ಸುಗ್ಗಿ. ಈ ಮಾತು ಕೇಳಿ ಮುಖ ಸಿಂಡರಿಸುವವರು ಈ ಕೆಲಸಕ್ಕೆ ಬರಬೇಡಿ.

ಶಾಮಾಚಾರ್ಯರು ಶನಿವಾರ ಪೇಟೆಯಲ್ಲಿ, ಹತ್ತು ಬಿಡಾರಗಳಿದ್ದ ಒಂದು ವಾಡೆಯ ಹಿಂಭಾಗದಲ್ಲಿ ಒಂದೇ ಕೋಣೆಯಲ್ಲಿದ್ದರು. ಹೊಲವಿಲ್ಲ, ಮನೆಯಿಲ್ಲ, ಮಕ್ಕಳಿಲ್ಲ. ಪುಣೆಯಲ್ಲಿದ್ದ ನಮ್ಮವರ ಮನೆಗಳ ನಂಬಿಕೆಯೊಂದೇ ಆಸ್ತಿ. ತಿಥಿ ಬಂತೆಂದರೆ ಅವರ ಒಲೆಯೇ ಹೊತ್ತಬೇಕು. ನಸುಕಿನಲ್ಲಿ ತಣ್ಣೀರು ಸುರಿದುಕೊಂಡು, ಹಿಂಡದ ಪಂಚೆಯಲ್ಲೇ ಒಲೆಯ ಮುಂದೆ ಕೂತರೆ, ಬ್ರಾಹ್ಮಣರ ಊಟವಾಗುವ ತನಕ ಒಂದು ಹನಿ ನೀರು ಅವರ ಗಂಟಲಿಗೆ ಇಳಿಯುತ್ತಿರಲಿಲ್ಲ. ರುಚಿ ನೋಡುವಂತಿಲ್ಲ, ವಾಸನೆ ತೆಗೆದುಕೊಳ್ಳುವಂತಿಲ್ಲ. ಪಿತೃಗಳಿಗಿಂತ ಮೊದಲು ನಮ್ಮ ನಾಲಿಗೆ ಮುಟ್ಟಿದರೆ ಎಲ್ಲವೂ ಎಂಜಲು. ಉಪ್ಪು ಕೈಯ ಅಂದಾಜು, ಹುಳಿ ಕಣ್ಣಿನ ಅಂದಾಜು. ಮದುವೆಯ ಅಡಿಗೆಯವನು ತಪ್ಪನ್ನು ಸೌಟಿನಲ್ಲೇ ಹಿಡಿಯುತ್ತಾನೆ. ನಮ್ಮ ತಪ್ಪು ಸಿಗುವುದು ಎಲೆಯ ಮುಂದೆ ಕೂತವರ ಬಾಯಲ್ಲಿ.

ಮೊದಲ ತಿಂಗಳಲ್ಲೇ ನಾನು ತೊವ್ವೆಗೆ ಎರಡು ಸಲ ಉಪ್ಪು ಹಾಕಿದ್ದೆ. ಬ್ರಾಹ್ಮಣರು ಮೌನದಲ್ಲಿ ಉಣ್ಣಬೇಕಾದ್ದರಿಂದ ಯಾರೂ ಏನೂ ಅನ್ನಲಿಲ್ಲ. ನೀರು ಮಾತ್ರ ಮೂರು ತಂಬಿಗೆ ಕುಡಿದರು. ಆಚಾರ್ಯರು ಹೊರಗೆ ಬಂದು ನನ್ನ ಕಿವಿ ಹಿಂಡಿದರು. "ಮಗನ, ಅವರು ಉಂಡು ಹೋದದ್ದು ಸತ್ತವರ ಪುಣ್ಯಾ. ಬದುಕಿದವರ ಪುಣ್ಯಾ ಇನ್ನೂ ಖರ್ಚಾಗಿಲ್ಲ, ತಗೋ" ಎಂದು ಇನ್ನೊಂದು ಕಿವಿಯನ್ನೂ ಹಿಂಡಿದರು.

ನಮ್ಮ ಅಡಿಗೆಗೆ ಬರುವ ಕಾಯಿಪಲ್ಲೆ ಕೈಬೆರಳಲ್ಲಿ ಎಣಿಸುವಷ್ಟು: ಹಾಗಲಕಾಯಿ, ಬಾಳೆಕಾಯಿ, ಗೋರಿಕಾಯಿ ಎನ್ನುವ ಚವಳಿಕಾಯಿ, ಪಡವಲಕಾಯಿ, ಸುವರ್ಣಗಡ್ಡೆ. ಖಾರಕ್ಕೆ ಕರಿಮೆಣಸು. ಮೆಣಸಿನಕಾಯಿ, ಬಟಾಟೆ, ಟೊಮೆಟೊ ಇವು ಮನೆಯ ಹೊಸ್ತಿಲು ದಾಟುವಂತಿಲ್ಲ. ಕಾಯಿಪಲ್ಲೆಯ ಪೇಟೆ ಮಂಡಯಿಗೆ ಹೋದರೆ ಆಚಾರ್ಯರು ಬಟಾಟೆಯ ರಾಶಿಯ ಪಕ್ಕದಲ್ಲಿ ಪಂಚೆ ಎತ್ತಿ ಹಿಡಿದು, ಸೂತಕದ ಮನೆ ದಾಟಿದ ಹಾಗೆ ದಾಟುತ್ತಿದ್ದರು. ವಾಡೆಯ ಮಾಲಕಿಣಿ ಮರಾಠಿ ಅಜ್ಜಿ ಏಕಾದಶಿ ದಿನ ಸಾಬೂದಾಣೆ, ಶೇಂಗಾ, ಬಟಾಟೆ, ಹಸಿಮೆಣಸಿನಕಾಯಿ ಎಲ್ಲ ಕೂಡಿಸಿ ಉಪವಾಸದ ಖಿಚಡಿ ಮಾಡಿ ನನಗೊಂದು ಬಟ್ಟಲು ಕೊಟ್ಟರೆ, ಒಳಗಿಂದ ಆಚಾರ್ಯರ ಧ್ವನಿ ಬರುತ್ತಿತ್ತು: "ಅದು ಉಪವಾಸ ಅಲ್ಲೋ ಗುಂಡ್ಯಾ, ಪರಂಗಿಯವರ ಹಡಗು. ಪೂರಾ ಹಡಗು ಹೊಟ್ಟಿಯೊಳಗ ಇಳಿಸ್ಯಾರ." ನಾನು ಹಡಗನ್ನು ಗೋಡೆಯ ಮರೆಯಲ್ಲಿ ನಿಂತು ಇಳಿಸಿಕೊಳ್ಳುತ್ತಿದ್ದೆ.

ಹಡಗಿನ ಕಥೆ ನನಗೆ ಸರಿಯಾಗಿ ತಿಳಿದದ್ದು ಒಬ್ಬ ಪ್ರೊಫೆಸರರ ಮನೆಯಲ್ಲಿ. ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದರು. ಅಪ್ಪನ ಶ್ರಾದ್ಧದ ದಿನ ಮಡಿ ಉಟ್ಟು ಅಡಿಗೆಮನೆಯ ಹೊಸ್ತಿಲಾಚೆ ಕೂತು ಕ್ಲಾಸು ಸುರುಮಾಡಿದರು.

"ಆಚಾರ್ರ, ನಾಲ್ಕು ನೂರು ವರ್ಷದ ಹಿಂದ ಪರಂಗಿಯವರು ಸಮುದ್ರ ದಾಟಿ ಬಂದದ್ದು ಯಾಕ ಗೊತ್ತದ ಏನ್ರಿ? ನಿಮ್ಮ ಕೈಯಾಗಿನ ಆ ಕರಿಮೆಣಸಿಗೆ. ನಮ್ಮ ಮೆಣಸು ತುಂಬಿಕೊಂಡು ಹೋದ್ರು. ಬರೋ ಮುಂದ ಇನ್ನೊಂದು ಖಂಡದಿಂದ ಮೆಣಸಿನಕಾಯಿ ತಂದು ಒಗದ್ರು. ಬಟಾಟಿ, ಶೇಂಗಾ, ಪೇರಲ, ತಂಬಾಕ, ಎಲ್ಲಾ ಅದರ ಹಿಂದ. ಅದ ಹಡಗಿನೊಳಗ ಪಾದ್ರಿಗಳೂ ಇಳದ್ರು. ಗೋವಾದಾಗಿನ ದೇವರು ಹೆದರಿ ಊರು ಬಿಟ್ಟವು, ಜನಾ ಊರು ಬಿಟ್ಟರು. ಮೆಣಸಿನಕಾಯಿ ಮಾತ್ರ ಯಾರಿಗೂ ಹೆದರಲಿಲ್ಲ ನೋಡ್ರಿ. ಜಾತಿ ಕೇಳಲಿಲ್ಲ, ಗೋತ್ರಾ ಹೇಳಲಿಲ್ಲ, ಎಲ್ಲಾರ ಅಡಿಗಿಮನಿ ಹೊಕ್ತು."

ಆಚಾರ್ಯರು ಉದ್ದಿನ ಹಿಟ್ಟು ರುಬ್ಬುತ್ತಲೇ ಇದ್ದರು. ಪ್ರೊಫೆಸರರು ನಕ್ಕು, "ಖರೇ ಹೇಳಬೇಕಂದ್ರ ನೀವು ಅಡಿಗಿ ಮಾಡೋದಿಲ್ಲರಿ. ಆ ಹಡಗು ಬಂದೇ ಇಲ್ಲ ಅಂತ ನಾಟಕಾ ಮಾಡ್ತೀರಿ" ಎಂದರು.

"ಇರಬಹುದ್ರಿ ರಾಯರ," ಎಂದರು ಆಚಾರ್ಯರು. "ಬಂದದ್ದು ಬಂತು. ಮುನ್ನೂರಾ ಅರವತ್ತ್ನಾಲ್ಕು ದಿನಾ ಬಂದಂಗ ಇರ್ತೀವಿ. ಒಂದು ದಿನಾ ಬರದಂಗ ಇರೋಣು."

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಆಚಾರ್ರ, ಪಿಂಡಾ ಇಡೋದು ಮೂರು ತಲಿಗೆ. ಅಪ್ಪ, ಅಜ್ಜ, ಮುತ್ತಜ್ಜ. ಮೂರೂ ಮಂದಿ ಮೆಣಸಿನಕಾಯಿ ತಿಂದವರ ಅಲ್ರಿ?"

"ತಿಂದಿರಬೇಕು. ಅದಕ್ಕ ಮೂರೂ ಮಂದಿ ಸತ್ತಾರ. ನೀ ಸೌದಿ ಒಡಿ ಹೋಗು."

ಪ್ರೊಫೆಸರರು ಬಿದ್ದು ಬಿದ್ದು ನಕ್ಕರು. ಮಡಿಯಲ್ಲಿ ಬಿದ್ದರೆ ಮೈಲಿಗೆ ಅಂತ ಆಚಾರ್ಯರು ಅವರನ್ನು ಮತ್ತೊಮ್ಮೆ ಸ್ನಾನಕ್ಕೆ ಕಳಿಸಿದರು.

ಆ ಕಾಲದಲ್ಲಿ ಪದ್ಧತಿಗಳು ನಮ್ಮ ಕಣ್ಣೆದುರೇ ಬದಲಾಗುತ್ತಿದ್ದವು. ಬಾವಿ ಮುಚ್ಚಿಸಿ ಮನೆಮನೆಗೆ ನಳ ತಂದರು. ನಳದೊಳಗೆ ಚರ್ಮದ ಬಿಲ್ಲೆ ಇರುತ್ತದೆಂದು ಆಚಾರ್ಯರು ಅದರ ನೀರು ಮುಟ್ಟಲಿಲ್ಲ; ಮುಠಾ ನದಿಯಿಂದ ಕೊಡ ಹೊತ್ತು ತರುವ ಶಿಕ್ಷೆ ನನಗೆ. ಒಂದು ಸಲ ಅರ್ಧ ದಾರಿಯಲ್ಲಿ ಕೊಡ ಜಾರಿ ನೀರೆಲ್ಲ ಚೆಲ್ಲಿತು. ಪಕ್ಕದ ನಳದಲ್ಲಿ ತುಂಬಿಸಿ ತಂದುಕೊಟ್ಟೆ. ಯಾವ ಪಿತೃವೂ ತಕರಾರು ಮಾಡಲಿಲ್ಲ. ಅಂದಿನಿಂದ ನನಗೆ ನದಿ ಬಲು ಹತ್ತಿರವಾಯಿತು. "ಈಗೀಗ ಲಗೂ ಬರ್ತೀಯಲ್ಲೋ, ಕಾಲು ಗಟ್ಟಿ ಆಗ್ಯಾವ" ಎಂದು ಆಚಾರ್ಯರು ಬೆನ್ನು ತಟ್ಟಿದರು. ಹೀಗೆ ಸಣ್ಣ ಮೋಸ ದಕ್ಕಿದವನಿಗೆ ದೊಡ್ಡದಕ್ಕೆ ಕೈ ನಡುಗುವುದಿಲ್ಲ. ನೆನಪಿಟ್ಟುಕೊಳ್ಳಿ.

ನನ್ನ ಇನ್ನೊಂದು ವಿದ್ಯೆ ಬೇರೆಯವರ ಧ್ವನಿ ತೆಗೆಯುವುದು. ಪುರೋಹಿತರು ಮೂಗಿನಲ್ಲಿ ಸಂಕಲ್ಪ ಹೇಳುವುದು, ಮಾಲಕಿಣಿ ಅಜ್ಜಿ ನೀರಿಗಾಗಿ ಜಗಳ ಆಡುವುದು, ಆಚಾರ್ಯರು ಬೆಳಿಗ್ಗೆ ಖ್ಯಾಕರಿಸುವುದು, ಎಲ್ಲವನ್ನೂ ಹುಬೇಹೂಬು ತೆಗೆಯುತ್ತಿದ್ದೆ. ಕನ್ನಡಿಯ ಮುಂದೆ ನಿಂತು ನನ್ನದನ್ನೇ ತೆಗೆದುಕೊಂಡು ನನಗೇ ಅಸಹ್ಯವಾದದ್ದೂ ಉಂಟು. ಆದರೆ ಅನ್ನಕ್ಕೆ ದಾರಿಯಾದದ್ದು ಕಾಗೆಯ ಧ್ವನಿ. ಹಿತ್ತಲ ಗೋಡೆಯ ಮೇಲೆ ಕಾಗೆಗೆ ಪಾಲು ಇಟ್ಟ ಮೇಲೆ ಅದು ಬಂದು ಮುಟ್ಟುವ ತನಕ ಮನೆಯವರ ಜೀವದಲ್ಲಿ ಜೀವ ಇರುವುದಿಲ್ಲ. ಬರಲಿಲ್ಲವೆಂದರೆ ಸತ್ತವರದ್ದು ಏನೋ ಆಸೆ ಉಳಿದಿದೆ ಎಂದು ಅರ್ಥ. ಅಂಥ ಹೊತ್ತಿನಲ್ಲಿ ನಾನು ಬಚ್ಚಲ ಹಿಂದೆ ಕೂತು ಎರಡು ಸಲ ಕೂಗಿದರೆ ಸಾಕು, ಶನಿವಾರ ಪೇಟೆಯ ಕಾಗೆಗಳೆಲ್ಲ ಹಾಜರು. ಆಚಾರ್ಯರಿಗೆ ಇದು ಗೊತ್ತಿತ್ತು. ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಹಸಿದು ಕೂತ ಮನೆಯವರ ಮೇಲೆ ಅವರಿಗೆ ಕರುಣೆ.

ಇನ್ನು ತುಂಗಕ್ಕನ ಮಾತು.

ಕಸಬಾ ಪೇಟೆಯಲ್ಲಿ ರಾಘಣ್ಣ ಎಂಬ ದೊಡ್ಡ ರಾಯರಿದ್ದರು. ನಮ್ಮ ಜನರಲ್ಲಿ ಅವರ ಮಾತೇ ಕೊನೆಯ ಮಾತು. ಅವರು ಯಾರನ್ನು ಕರೆದರೋ ಎಲ್ಲರೂ ಅವರನ್ನೇ ಕರೆಯುವರು. ಅವರ ತಮ್ಮ ವೆಂಕಣ್ಣ, ದಂಡಿನ ಕಚೇರಿಯ ಗುಮಾಸ್ತ, ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡಿದ್ದ. ತುಂಗಕ್ಕ ಆತನ ಹೆಂಡತಿ. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಹಿಂದಿನ ಕೋಣೆಗೆ ಹಾಕಿದ್ದರು. ಪ್ರತಿ ವರ್ಷ ವೆಂಕಣ್ಣನ ಶ್ರಾದ್ಧಕ್ಕೆ ಕಾಗೆ ತಡ ಮಾಡುತ್ತಿತ್ತು, ಪ್ರತಿ ವರ್ಷ ನಾನು ಬಚ್ಚಲ ಹಿಂದೆ ಹೋಗುತ್ತಿದ್ದೆ.

ಎಂಟನೆಯ ವರ್ಷ. ಹುಳಿ ಒಲೆಯ ಮೇಲಿತ್ತು; ಏನೋ ಮೈಲಿಗೆ ತಾಗಿತೆಂದು ಆಚಾರ್ಯರು ಇನ್ನೊಮ್ಮೆ ಸ್ನಾನಕ್ಕೆ ಇಳಿದಿದ್ದರು. ತುಂಗಕ್ಕ ಹಿತ್ತಲ ಬಾಗಿಲಲ್ಲಿ ನಿಂತು ಮೆಲ್ಲಗೆ ಕರೆದಳು.

"ಗುಂಡಪ್ಪಾ, ಪ್ರತಿ ವರ್ಷ ಕಾಗಿ ಕೂಗೋದು ನೀನ ಅಂತ ನನಗ ಗೊತ್ತದ."

ನಾನು ನಗೆಯಲ್ಲಿ ತೇಲಿಸಲು ನೋಡಿದೆ. "ತುಂಗಕ್ಕ, ಕಾಗಿಗಳಿಗೂ ಮಡಿ ನೀರು ಕುಡದು ಗಂಟಲಾ ಕಟ್ಟಿರತದ, ಅದಕ್ಕ..."

"ಚ್ಯಾಷ್ಟಿ ಬ್ಯಾಡ," ಎಂದಳು. "ಅವರು ಹಸಿಮೆಣಸಿನಕಾಯಿ ಕಡಕೊಳ್ಳದ ಒಂದು ತುತ್ತು ಉಂಡವರಲ್ಲ. ಸಾಯೋ ಮುಂದ ಒಂದ ಒಂದು ಕೇಳಿದ್ರು. ಡಾಕ್ಟರು ಬ್ಯಾಡ ಅಂದಿದ್ದ. ನಾ ಕೊಡಲಿಲ್ಲ. ಬದುಕ್ತಾರ ಅಂತ ತಿಳಿದಿದ್ದೆ." ಸೆರಗಿನ ಗಂಟು ಬಿಚ್ಚಿ ಒಂದು ಮೆಣಸಿನಕಾಯಿ ತೆಗೆದಳು. ಸಣ್ಣದು, ಎಳೆಯದು. "ನಿನ್ನ ಕೂಗಿಗೆ ಬರೋ ಕಾಗಿ ನನಗ ಬ್ಯಾಡಪ್ಪ. ತಾನಾಗೇ ಬರಲಿ ಒಂದು ಸಲ."

"ಕಾಗಿ ಪಾಲಿನ ಮ್ಯಾಲೆ ಇಡ್ತೀನಿ, ಕೊಡ್ರಿ."

"ಮ್ಯಾಲೆ ಇಟ್ಟರ ಕಾಗಿಗೆ ಮುಟ್ಟತದ, ಅವರಿಗೆ ಮುಟ್ಟೋದಿಲ್ಲ. ಕುದಿಯೋ ಹುಳಿಯೊಳಗ ಒಮ್ಮೆ ಬಿದ್ದು ಎದ್ದರ ಸಾಕು. ಆಮ್ಯಾಲೆ ತಗದುಬಿಡು. ಯಾರಿಗೂ ತಿಳಿಯೋದಿಲ್ಲ."

ನಾನೇಕೆ ಒಪ್ಪಿದೆ? ಕನಿಕರ ಎಂದು ಇಷ್ಟು ವರ್ಷ ಹೇಳಿಕೊಂಡಿದ್ದೇನೆ. ಕನಿಕರವೂ ಇತ್ತು. ನಳದ ನೀರು ದಕ್ಕಿಸಿಕೊಂಡ ಧಿಮಾಕೂ ಇತ್ತು. ಮೆಣಸಿನಕಾಯಿಯನ್ನು ಉಗುರಿನಿಂದ ಎರಡಾಗಿ ಸೀಳಿ ಹುಳಿಗೆ ಹಾಕಿದೆ. ಮೂರು ಕುದಿ ಬಂತು. ಸೌಟು ಹಾಕಿದೆ, ಒಂದು ತುಂಡು ಸಿಕ್ಕಿತು. ಇನ್ನೊಂದು ಸುವರ್ಣಗಡ್ಡೆ, ಚವಳಿಕಾಯಿ ಹೋಳುಗಳ ಕೆಳಗೆ ಎಲ್ಲಿ ಅಡಗಿತೋ! ಕಲಕಿದೆ, ಮಗುಚಿದೆ, ಸಿಗಲಿಲ್ಲ. ಅಷ್ಟರಲ್ಲಿ ಒದ್ದೆ ಪಂಚೆಯ ಸಪ್ಪಳ. ಆಚಾರ್ಯರು ಬಂದು, "ಏನು ಹುಡುಕ್ತೀಯೋ?" ಎಂದರು.

"ಏನಿಲ್ರಿ, ಗಡ್ಡಿ ಬೆಂದಾವೇನು ನೋಡ್ಲಿಕ್ಕತ್ತಿದ್ದೆ."

ಆಗ ಹೇಳಿದ್ದರೆ ಹುಳಿ ಚೆಲ್ಲಿ ಬೇರೆ ಮಾಡುತ್ತಿದ್ದರು. ಒಂದು ತಾಸು ತಡವಾಗುತ್ತಿತ್ತು, ನನ್ನ ಕಿವಿ ಕೆಂಪಾಗುತ್ತಿತ್ತು. ಅಷ್ಟೇ.

ಎಲೆಗಳಿಗೆ ಬಡಿಸುವಾಗಲೇ ಕಾಗೆಯ ಪಾಲು ಹೊರಗಿಡುವುದು ಆ ಮನೆಯ ಪದ್ಧತಿ. ಗೋಡೆಯ ಮೇಲೆ ಇಟ್ಟು ಹಿಂದಕ್ಕೆ ಸರಿದೆ. ನಾನಿನ್ನೂ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಒಂಟಿ ಕಾಗೆಯೊಂದು ಕೂಗದೆ ಕರೆಯದೆ ಬಂದು ಕೂತು, ಹುಳಿ ಕಲಸಿದ ತುತ್ತನ್ನೇ ಮೊದಲು ಎತ್ತಿಕೊಂಡು ಹೋಯಿತು. ಹಿಂದಿನ ಕೋಣೆಯ ಕಿಟಕಿಯಲ್ಲಿ ತುಂಗಕ್ಕ ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡಳು.

ಒಳಗೆ ಬಂದೆ. ಪಿತೃಸ್ಥಾನಕ್ಕೆ ಕೂತ ಬ್ರಾಹ್ಮಣರ ಕಣ್ಣಲ್ಲಿ ನೀರು ತುಂಬಿತ್ತು. ಮೌನ ಮುರಿಯುವಂತಿಲ್ಲ. ಅವರು ಬಾಯೊಳಗಿಂದ ಏನನ್ನೋ ಎರಡು ಬೆರಳಲ್ಲಿ ತೆಗೆದು ಎಲೆಯ ಅಂಚಿಗೆ ಇಟ್ಟರು. ಹಸಿರು. ಬಿಳಿ ಅನ್ನ, ಕರಿ ಎಳ್ಳುಂಡೆ, ನಡುವೆ ಆ ಹಸಿರು ಚೂರು. ಕೈಗಳೆಲ್ಲ ಎಲೆಯ ಮೇಲೆಯೇ ನಿಂತವು.

ರಾಘಣ್ಣನವರು ಎದ್ದು ಬಂದರು. "ಆಚಾರ್ರ, ಏನಿದು?"

ಆಚಾರ್ಯರು ಬಾಗಿ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಆಮೇಲೆ ಹಿತ್ತಲ ಬಾಗಿಲ ಕಡೆ. ಅಲ್ಲಿ ಕೆಂಪು ಸೀರೆಯ ಅಂಚು ಕಾಣುತ್ತಿತ್ತು. ಮತ್ತೆ ನನ್ನ ಕಡೆ. ಎಷ್ಟು ಹೊತ್ತು ನೋಡಿದರೆಂದು ಹೇಳಲಾರೆ. ನಾನು ಮಾತಾಡಲಿ ಎಂದು ಕಾಯುವಷ್ಟು ಹೊತ್ತು. ಊರಿನವರ ಧ್ವನಿಯನ್ನೆಲ್ಲ ತೆಗೆಯುತ್ತಿದ್ದ ನನ್ನ ಗಂಟಲಿನಲ್ಲಿ ಆಗ ಒಂದು ಸ್ವರವೂ ಇರಲಿಲ್ಲ.

"ಕಣ್ಣು ಕಾಣಲಿಲ್ರಿ ರಾಯರ," ಎಂದರು ಆಚಾರ್ಯರು. "ಚವಳಿಕಾಯಿಯೊಳಗ ಕೂಡಿ ಬಂದಿರಬೇಕು. ನಾನ ಹೆಚ್ಚಿ ಹಾಕೀನಿ."

"ಕಣ್ಣು ಕಾಣದವರು ಒಲಿ ಮುಂದ ಕೂಡಬಾರದು," ಎಂದರು ರಾಘಣ್ಣನವರು. ಅವರು ದನಿ ಏರಿಸಲಿಲ್ಲ. ಏರಿಸುವ ಅಗತ್ಯವೂ ಇರಲಿಲ್ಲ.

ಆಚಾರ್ಯರ ಕಣ್ಣು ಆಗ ಸೂಜಿಗೆ ದಾರ ಪೋಣಿಸುವಷ್ಟು ಚೊಕ್ಕ ಇತ್ತು. ಮನೆಗೆ ಬಂದಾಗ ಅವರು ವಾಡೆಯ ಬಾಗಿಲಲ್ಲಿ ನಿಂತು, "ನಾಡದು ಪ್ರೊಫೆಸರರ ಮನಿ ಅದ. ಎಳ್ಳು ಮರೀಬ್ಯಾಡ" ಎಂದರು. ನಾನೊಬ್ಬನೇ ಹೋಗಲಿ ಎಂದು ಹಾಗೆ ಹೇಳಿದ್ದೆಂದು ನನಗೆ ತಿಳಿದದ್ದು ಆ ದಿನ ಬಂದಾಗ. ಅವರು ಕೋಣೆಯಿಂದ ಹೊರಬರಲಿಲ್ಲ.

ಸುದ್ದಿ ಹಬ್ಬಿತು. ಒಂದು ಮನೆ ಬಿಟ್ಟಿತು, ಆಮೇಲೆ ನಾಲ್ಕು, ಆಮೇಲೆ ಎಲ್ಲ. "ಪಾಪ, ಹುಡುಗಂದು ಏನು ತಪ್ಪದ? ಗುಂಡ್ಯಾನ್ನ ಕರೀರಿ" ಎಂದು ನನ್ನನ್ನು ಕರೆದರು. ಹೋದೆ. ನಾನು ಬಾಯಿ ಬಿಟ್ಟರೆ ತುಂಗಕ್ಕನ ಹೆಸರು ಬರುತ್ತದೆ, ರಾಘಣ್ಣ ಆಕೆಯನ್ನು ಮನೆಯಿಂದ ಹೊರಗೆ ಹಾಕುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಖರೆಯೂ ಹೌದು. ಆದರೆ ನಾನು ಸುಮ್ಮನಿದ್ದದ್ದು ಅದಕ್ಕಲ್ಲ. ಹೆದರಿಕೆಯಿಂದ ಸುಮ್ಮನಿದ್ದೆ, ಆಮೇಲೆ ಅನ್ನ ರುಚಿಸಿತು ಎಂದು ಸುಮ್ಮನಿದ್ದೆ. ಆಚಾರ್ಯರು ಒಂದು ದಿನ ಕೋಣೆ ಬಿಟ್ಟು ಹೋದರು. ಶಿರೂರಿನಲ್ಲಿ ಯಾರದೋ ಅಂಗಡಿಯಲ್ಲಿದ್ದಾರೆ ಎಂದರು, ಹಡಪಸರದ ತೋಟವೊಂದರಲ್ಲಿ ಕಂಡೆವು ಎಂದರು. ನಾನು ಹುಡುಕಲಿಲ್ಲ.

ಹದಿನೇಳು ವರ್ಷ ಕಳೆದವು. ಯುದ್ಧ ಬಂತು, ರಂಗೂನಿನ ಅಕ್ಕಿ ನಿಂತಿತು, ರೇಶನ್ ಬಂತು. ಈಗಂತೂ ಪಿಂಡದ ಅಕ್ಕಿಯೇ ಎಲ್ಲಿಯದೋ ಹಡಗಿನಿಂದ ಇಳಿದು ಬರುತ್ತದೆ, ಜೋಳ ಅಮೆರಿಕದ್ದು. ಹಡಗು ಬರಲೇ ಇಲ್ಲವೆಂಬ ನಾಟಕವನ್ನು ನೀವು ಹೇಗೆ ಆಡುತ್ತೀರೋ, ನನಗಂತೂ ತಿಳಿಯದು. ಪರದೆ ಹರಿದಿದೆ, ಪಾತ್ರಧಾರಿಗಳೂ ಹಸಿದಿದ್ದಾರೆ.

ರೇಶನ್ ಬಂದ ಆ ಮೊದಲ ದಿನಗಳಲ್ಲೇ ತುಂಗಕ್ಕ ತೀರಿಕೊಂಡಳು. ಆಕೆಯ ವರ್ಷಾಬ್ದಿಕದ ಅಡಿಗೆಗೆ ರಾಘಣ್ಣನ ಮನೆಯವರು ನನ್ನನ್ನೇ ಕರೆದರು. ಕರಿಮೆಣಸು ಹಾಕಿ ಹುಳಿ ಮಾಡಿದೆ. ಕಾಗೆ ತಡ ಮಾಡಿತು. ನಾನು ಬಚ್ಚಲ ಹಿಂದೆ ಹೋಗಿ ಕೂಗಿದೆ.

ಮರುದಿನ ಹುಡುಕುತ್ತ ಹೊರಟೆ. ಆಚಾರ್ಯರು ಸಿಕ್ಕಿದ್ದು ದಂಡಿನ ಪೇಟೆ ಲಷ್ಕರಿನ ಕಡೆಯ ಒಂದು ಹೋಟೆಲಿನಲ್ಲಿ. ಮಾಲೀಕರು ಕರಾವಳಿಯವರು, ಬಾಯ್ತುಂಬ ಮಾತು. "ನಮ್ಮ ಹಿರಿಯರು ದೇವರನ್ನು ಬುಟ್ಟಿಯಲ್ಲಿಟ್ಟುಕೊಂಡು ಗೋವೆ ಬಿಟ್ಟು ಓಡಿದವರು ಮಾರಾಯ್ರೆ. ದೇವರನ್ನು ಬಿಡಲಿಲ್ಲ, ಬಟಾಟೆಯನ್ನೂ ಬಿಡಲಿಲ್ಲ! ನಿಮ್ಮ ಅಜ್ಜ ಹಿಂದೆ ಇದ್ದಾರೆ, ಹೋಗಿ" ಎಂದರು.

ಹಿಂದಿನ ಅಂಗಳದಲ್ಲಿ, ಬೇಯಿಸಿದ ಬಟಾಟೆಯ ಗುಡ್ಡದ ಮುಂದೆ ಶಾಮಾಚಾರ್ಯರು ಕೂತಿದ್ದರು. ಪಂಚೆ ಒಣಗಿತ್ತು. ಬಟಾಟೆ ಕೈಗೆತ್ತಿಕೊಳ್ಳುವುದು, ಸಿಪ್ಪೆ ಸುಲಿಯುವುದು, ಬುಟ್ಟಿಗೆ ಹಾಕುವುದು. ನನ್ನ ಹೆಜ್ಜೆಯ ಸಪ್ಪಳಕ್ಕೆ ತಲೆ ಎತ್ತಿದರು. ಕಣ್ಣುಗಳು ಇನ್ನೂ ಚೊಕ್ಕ ಇದ್ದವು. ನನ್ನವು ಆಗಲೇ ಮಂಜಾಗಿದ್ದವು.

"ಆಚಾರ್ರ, ತುಂಗಕ್ಕ ಹೋದ್ಲು," ಎಂದೆ.

"ಕೇಳಿದೆ."

"ಇನ್ನ ಯಾರ ಹೆದರಿಕೀನೂ ಇಲ್ಲ. ನಾ ರಾಘಣ್ಣನವರ ಮನಿಗೆ ಹೋಗಿ ಖರೇ ಏನದ ಎಲ್ಲಾ ಹೇಳಿಬಿಡ್ತೀನ್ರಿ. ಎಲ್ಲಾರ ಮುಂದ ಹೇಳ್ತೀನಿ."

ಅವರು ಒಂದು ಬಟಾಟೆ ಸುಲಿದು ಮುಗಿಸಿದರು. ಬುಟ್ಟಿಗೆ ಹಾಕಿದರು. ಇನ್ನೊಂದನ್ನು ಕೈಗೆತ್ತಿಕೊಂಡು ಹೇಳಿದರು:

"ಕಾಗಿ ಧ್ವನಿ ತಗದಿ, ಪುರೋಹಿತನ ಧ್ವನಿ ತಗದಿ, ನನ್ನ ಧ್ವನೀನೂ ತಗದಿ. ನಿನ್ನ ಧ್ವನಿ ಬೇಕಾಗಿದ್ದು ಅವತ್ತೋ, ಗುಂಡ್ಯಾ. ಇವತ್ತ ಇಲ್ಲಿ ಬರೇ ಬಟಾಟಿ ಸುಲಿಯೋದದ."